ದಾನಿಗಳ ಶಾಲೆ, ಮಕ್ಕಳ ಅಕ್ಷರ

1779ರಲ್ಲಿ ಮದ್ರಾಸಿನ ಇಂಗ್ಲಿಷ್ ಸರ್ಕಾರ ಶ್ರೀರಂಗಪಟ್ಟಣಕ್ಕೆ ಒಬ್ಬ ದೂತನನ್ನು ಕಳಿಸಬೇಕಾಗಿ ಬಂತು. ಹೈದರಾಲಿಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಬೇಕಿತ್ತು. ಆದರೆ ಈಸ್ಟ್ ಇಂಡಿಯಾ ಕಂಪನಿಯವರ ಮಾತನ್ನು ಹೈದರ್ ನಂಬುವ ಕಾಲ ಎಂದೋ ಮುಗಿದಿತ್ತು. ಹಾಗಾಗಿ ಆರಿಸಿದ್ದು ಒಬ್ಬ ಪಾದ್ರಿಯನ್ನು. ಹೆಸರು ಕ್ರಿಶ್ಚಿಯನ್ ಫ್ರೀಡ್ರಿಖ್ ಶ್ವಾರ್ಟ್ಸ್. ಜರ್ಮನ್, ಲೂಥರನ್ ಪಂಗಡದವನು, ಅಷ್ಟು ಹೊತ್ತಿಗೆ ತಮಿಳು ಸೀಮೆಯಲ್ಲಿ ಮೂವತ್ತು ವರ್ಷಕ್ಕೆ ಹತ್ತಿರ ಹತ್ತಿರ ಕಳೆದವನು. ಹೈದರ್ ಅವನನ್ನು ಮರ್ಯಾದೆಯಿಂದಲೇ ಕಂಡ. ತನ್ನ ಸೈನ್ಯದಲ್ಲಿದ್ದ ಯುರೋಪಿಯನ್ನರಿಗೆ ಪ್ರಾರ್ಥನೆ ನಡೆಸಿಕೊಡಲು ಅಡ್ಡಿ ಮಾಡಲಿಲ್ಲ. ಹೊರಟಾಗ ದಾರಿಖರ್ಚಿಗೆಂದು 300 ರೂಪಾಯಿಯ ಒಂದು ಚೀಲವನ್ನೂ ಕೊಡಿಸಿದ. ಶ್ವಾರ್ಟ್ಸ್ ಅದನ್ನು ಮದ್ರಾಸಿನಲ್ಲಿ ಸರ್ಕಾರಕ್ಕೆ ಒಪ್ಪಿಸಲು ಹೋದರೆ, ನೀವೇ ಇಟ್ಟುಕೊಳ್ಳಿ ಎಂದರು. ಆ ಹಣವನ್ನು ಅವನು ತಂಜಾವೂರಿನಲ್ಲಿ ಬಡ ಅನಾಥ ಮಕ್ಕಳ ಇಂಗ್ಲಿಷ್ ಶಾಲೆಯೊಂದಕ್ಕೆ ಮೂಲಧನ ಮಾಡಿದ.

ರಾಜಕೀಯವಾಗಿ ಆ ರಾಯಭಾರ ದಂಡ. ಮರುವರ್ಷವೇ ಹೈದರನ ಸೈನ್ಯ ಘಟ್ಟ ಇಳಿದು ಆರ್ಕಾಟ್ ಸೀಮೆಯ ಮೇಲೆ ಬಿತ್ತು. ಶಾಲೆಯ ಹಣ ಮಾತ್ರ ಶಾಲೆಗೇ ಸೇರಿತು.

ಲೂಥರನ್ ಮಿಷನ್ನಿನ ಶಾಲೆಗೆ ಮೈಸೂರಿನ ನವಾಬನ ದುಡ್ಡು ಬಿದ್ದದ್ದು ಆಕಸ್ಮಿಕ. ಆದರೆ ಈ ಶಾಲೆಗಳು ಹುಟ್ಟಿದ್ದೇ ಹೊರಗಿನವರ ದುಡ್ಡಿನಲ್ಲಿ. ಡೆನ್ಮಾರ್ಕಿನ ದೊರೆ, ಜರ್ಮನಿಯ ಭಕ್ತರು, ಲಂಡನ್ನಿನ ಆಂಗ್ಲಿಕನ್ ಸಂಘ, ಹೀಗೆ ಕೊಟ್ಟವರೆಲ್ಲ ಸಾವಿರಾರು ಮೈಲಿ ದೂರದವರು. ಅವರಲ್ಲಿ ಬಹುಪಾಲು ಜನ ಆ ಮಕ್ಕಳ ಮುಖ ನೋಡಲೇ ಇಲ್ಲ. ಹೀಗೆ ದೂರದಿಂದ ಹಣ ಬರುವ ಶಾಲೆ ಯಾರ ಮಾತು ಕೇಳುತ್ತದೆ, ಅಲ್ಲಿ ಕಲಿತ ಮಗು ಯಾರಿಗೆ ಋಣಿ? ಮಿಷನ್ ಶಾಲೆಗಳ ಬಗ್ಗೆ ನಮ್ಮಲ್ಲಿ ನಡೆಯುವ ಜಗಳದ ಬೇರು ಇಲ್ಲಿದೆ. ಒಬ್ಬರಿಗೆ ಅವು ಜ್ಞಾನದೀಪ, ಇನ್ನೊಬ್ಬರಿಗೆ ಮತಾಂತರದ ಅಂಗಡಿ. ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಎರಡೂ ಮಾತು ಸಾಲುವುದಿಲ್ಲ.

ಮೊದಲು ಲೂಥರನ್ನರಿಗೆ ಶಾಲೆ ಯಾಕೆ ಅಷ್ಟು ಮುಖ್ಯವಾಯಿತು ಎಂಬುದನ್ನು ಹೇಳಬೇಕು. ಮಾರ್ಟಿನ್ ಲೂಥರನ ವಾದದ ತಿರುಳು, ಪ್ರತಿಯೊಬ್ಬ ವಿಶ್ವಾಸಿಯೂ ಬೈಬಲನ್ನು ತನ್ನ ಮಾತಿನಲ್ಲಿ ತಾನೇ ಓದಬೇಕು, ನಡುವೆ ದಲ್ಲಾಳಿ ಬೇಡ ಎನ್ನುವುದು. ಹಾಗಿದ್ದ ಮೇಲೆ ಓದು ಬಾರದವನಿಗೆ ಈ ಧರ್ಮ ಅರ್ಧ ಮಾತ್ರ ಸಿಕ್ಕೀತು. 1524ರಲ್ಲಿ ಲೂಥರ್ ಜರ್ಮನ್ ನಗರಗಳ ಪುರಸಭೆಗಳಿಗೆ ಬಹಿರಂಗ ಪತ್ರ ಬರೆದು, ಶಾಲೆ ತೆರೆಯುವುದು ನಿಮ್ಮ ಹೊಣೆ ಎಂದ. ಅದರಲ್ಲಿ ಹೆಣ್ಣುಮಕ್ಕಳ ಶಾಲೆಯ ಮಾತೂ ಇತ್ತು. 1529ರಲ್ಲಿ ಮನೆಯ ಯಜಮಾನ ಮಕ್ಕಳಿಗೆ ಹೇಳಿಕೊಡಲೆಂದು ಪ್ರಶ್ನೋತ್ತರ ರೂಪದ ಚಿಕ್ಕ ಧರ್ಮಪುಸ್ತಕವೊಂದನ್ನು ಬರೆದ. ಮಿಷನ್ ಶಾಲೆಯ ಮೊದಲ ಪಠ್ಯ ಇದೇ.

ಇದಕ್ಕೆ ದುಡ್ಡು ಕೂಡಿಸುವ ದಾರಿ ತೋರಿಸಿದವನು ಆಗಸ್ಟ್ ಹರ್ಮನ್ ಫ್ರಾಂಕೆ. ಜರ್ಮನಿಯ ಹಾಲೆ ಪಟ್ಟಣದ ಪಕ್ಕದಲ್ಲಿ ಸಭಾಪಾಲಕನಾಗಿದ್ದ ಇವನ ಕಾಣಿಕೆ ಡಬ್ಬಿಗೆ 1695ರಲ್ಲಿ ಯಾರೋ ನಾಲ್ಕು ಥಾಲರ್ ಹದಿನಾರು ಗ್ರೋಶನ್ ಹಾಕಿದರು. ಒಂದು ಶಾಲೆ ಶುರು ಮಾಡಲು ಇಷ್ಟು ಬಂಡವಾಳ ಸಾಕು ಎಂದುಕೊಂಡ ಫ್ರಾಂಕೆ ಪುಸ್ತಕ ಕೊಂಡು, ಒಬ್ಬ ವಿದ್ಯಾರ್ಥಿಯನ್ನು ಮೇಷ್ಟ್ರಾಗಿ ಗೊತ್ತು ಮಾಡಿ ಬೀದಿಯ ಬಡ ಮಕ್ಕಳನ್ನು ಕೂರಿಸಿದ. ಕೆಲವೇ ವರ್ಷಗಳಲ್ಲಿ ಅಲ್ಲಿ ಅನಾಥಾಲಯ, ಶಾಲೆಗಳ ಸಾಲು, ಔಷಧದ ಅಂಗಡಿ, ಮುದ್ರಣಾಲಯ ಎದ್ದು ನಿಂತವು. ಔಷಧ ಮಾರಿದ ಹಣವೂ ಪುಸ್ತಕ ಮಾರಿದ ಹಣವೂ ಶಾಲೆಗೆ. ನಮ್ಮ ಮಠಗಳ ಪ್ರಸಾದ ನಿಲಯದಲ್ಲಿ ಉಂಡು ಓದಿದವರಿಗೆ ಈ ವ್ಯವಸ್ಥೆ ತೀರ ಹೊಸದೆನಿಸಲಾರದು.

ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕ್‌ಗೆ ತನ್ನ ವಸಾಹತಿಗೆ ಕಳಿಸಲು ಮಿಷನರಿಗಳು ಬೇಕಾದಾಗ ಹಾಲೆಯ ಈ ಬಳಗದಿಂದ ಇಬ್ಬರು ಸಿಕ್ಕರು: ಬಾರ್ತಲೋಮೆಯುಸ್ ಜೀಗೆನ್‌ಬಾಲ್ಗ್ ಮತ್ತು ಹೈನ್ರಿಖ್ ಪ್ಲೂಟ್‌ಶೌ. 1706ರ ಜುಲೈ 9ರಂದು ಇಬ್ಬರೂ ತರಂಗಂಬಾಡಿಯಲ್ಲಿ ಇಳಿದರು. ತಂಜಾವೂರಿನ ನಾಯಕನಿಂದ ಡೇನರು 1620ರಲ್ಲಿ ಪಡೆದಿದ್ದ ಪುಟ್ಟ ಕರಾವಳಿ ಊರದು. ಕಡಲಿನ ಅಂಚಿಗೆ ಡಾನ್ಸ್‌ಬೋರ್ಗ್ ಕೋಟೆ, ಒಳಗೆ ವ್ಯಾಪಾರಿಗಳು. ಈ ಪಾದ್ರಿಗಳನ್ನು ಕಂಡರೆ ಅಲ್ಲಿನ ಕಮಾಂಡರ್ ಹಾಸಿಯುಸ್‌ಗೆ ಆಗುತ್ತಿರಲಿಲ್ಲ. ಮಿಷನರಿ ಬಂದರೆ ಊರವರ ಜತೆ ಮನಸ್ತಾಪ, ಮನಸ್ತಾಪ ಬಂದರೆ ವ್ಯಾಪಾರಕ್ಕೆ ಕುತ್ತು ಎಂಬುದು ಡೇನಿಷ್ ಕಂಪನಿಯ ಲೆಕ್ಕ. 1708ರ ಕೊನೆಯಲ್ಲಿ ಅವನು ಜೀಗೆನ್‌ಬಾಲ್ಗ್‌ನನ್ನು ಹಿಡಿದು ಅದೇ ಕೋಟೆಯಲ್ಲಿ ನಾಲ್ಕು ತಿಂಗಳು ಕೂಡಿಹಾಕಿದ. ವಸಾಹತುಶಾಹಿ ಮತ್ತು ಮಿಷನ್ ಒಂದೇ ನಾಣ್ಯದ ಎರಡು ಮುಖ ಎನ್ನುವವರು ಈ ನಾಲ್ಕು ತಿಂಗಳನ್ನೂ ನೆನಪಿಡಬೇಕು. ದೊರೆ ಕಳಿಸಿದ ಮನುಷ್ಯನನ್ನು ಡೇನಿಷ್ ಅಧಿಕಾರಿಯೇ ಜೈಲಿಗೆ ಹಾಕಿದ್ದ.

ತಮಿಳು ಬಾರದೆ ಕೆಲಸ ನಡೆಯುವಂತಿರಲಿಲ್ಲ. ಊರಿನ ಕೂಲಿಮಠದ ವೃದ್ಧ ಮೇಷ್ಟ್ರನ್ನು ಒಪ್ಪಿಸಿ, ಅವನ ಪಾಠ ಮಕ್ಕಳ ಸಮೇತ ತಮ್ಮ ಮನೆಯಲ್ಲೇ ನಡೆಯುವಂತೆ ಇಬ್ಬರೂ ಏರ್ಪಾಡು ಮಾಡಿಕೊಂಡರು. ನೆಲದ ಮೇಲೆ ಮರಳು ಹರಡಿ, ಮಕ್ಕಳ ಸಾಲಿನಲ್ಲಿ ತಾವೂ ಕಾಲು ಮಡಚಿ ಕೂತು, ಬೆರಳಿನಿಂದ ಅಕ್ಷರ ತಿದ್ದಿದರು. ಮಕ್ಕಳು ಒಟ್ಟಾಗಿ ಕೂಗಿದ್ದನ್ನು ತಾವೂ ಕೂಗಿದರು. ಕಲಿಸಲು ಬಂದವರ ಮೊದಲ ಶಾಲೆಯೇ ಇದು. ತಮಿಳು ಮಕ್ಕಳು ಬಾಯಿಪಾಠ ಮಾಡುತ್ತಿದ್ದ ನೀತಿವೆಣ್ಬಾ, ಕೊನ್ರೈ ವೇಂದನ್, ಉಲಗನೀತಿ ಎಂಬ ನೀತಿಪದ್ಯಗಳ ಪುಸ್ತಕಗಳನ್ನು ಜೀಗೆನ್‌ಬಾಲ್ಗ್ 1708ರ ಹೊತ್ತಿಗೆ ಜರ್ಮನ್ ಭಾಷೆಗೆ ತಂದ. ಇಲ್ಲಿನ ಮಕ್ಕಳಿಗೆ ನೀತಿ ಗೊತ್ತಿಲ್ಲ ಎಂದು ತಿಳಿದುಕೊಂಡಿದ್ದ ಯುರೋಪಿಗೆ ಅದು ಒಳ್ಳೆಯ ಉತ್ತರವಾಗಿತ್ತು.

1707ರಲ್ಲಿ ಮಿಷನ್ನಿನ ಸ್ವಂತ ಶಾಲೆ ಶುರುವಾಯಿತು. ಊಟ, ಬಟ್ಟೆ, ಓಲೆ, ಪಾಠ ಎಲ್ಲ ಉಚಿತ. ಹುಡುಗಿಯರಿಗೂ ಬೇರೆಯಾಗಿ ಒಂದು ಶಾಲೆ ತೆರೆದರು. ಹೆಣ್ಣುಮಕ್ಕಳ ಕೈಗೆ ಓಲೆ ಕೊಡುವ ವಾಡಿಕೆಯೇ ಇಲ್ಲದ ಕಾಲ ಅದು. 1716ರಲ್ಲಿ ಉಪಾಧ್ಯಾಯರನ್ನೂ ಉಪದೇಶಿಗಳನ್ನೂ ತಯಾರು ಮಾಡುವ ತರಬೇತಿ ಶಾಲೆಯೂ ಬಂತು.

ಹಣ ಬರುತ್ತಿದ್ದ ರೀತಿ ಮಾತ್ರ ದೇವರಿಗೇ ಪ್ರೀತಿ. ಡೆನ್ಮಾರ್ಕಿನಿಂದ ಬಂದ ಮೊದಮೊದಲ ಹಣದ ಪೆಟ್ಟಿಗೆ ಹಡಗಿನಿಂದ ದಡಕ್ಕೆ ತರುವಾಗ ದೋಣಿ ಮಗುಚಿ ಸಮುದ್ರದ ಪಾಲಾಯಿತು. ಲಂಡನ್ನಿನ ಕ್ರೈಸ್ತಜ್ಞಾನ ಪ್ರಸಾರ ಸಂಘ ಒಂದು ಮುದ್ರಣಯಂತ್ರ ಕಳಿಸಿತು. ಆ ಹಡಗನ್ನು ಬ್ರೆಜಿಲಿನ ರಿಯೊ ಬಳಿ ಫ್ರೆಂಚರು ಹಿಡಿದರು. ಹಣ ಕೊಟ್ಟು ಬಿಡಿಸಿಕೊಂಡು ಬರುವಷ್ಟರಲ್ಲಿ, ಯಂತ್ರದ ಜತೆ ಹೊರಟಿದ್ದ ಮುದ್ರಕ ದಾರಿಯಲ್ಲೇ ಸತ್ತ. 1713ರಲ್ಲಿ ಹಾಲೆಯಿಂದ ತಮಿಳು ಅಚ್ಚಿನ ಮೊಳೆ ಬಂದವು. ನೋಡಿದರೆ ತೀರ ದೊಡ್ಡವು, ಆ ಗಾತ್ರದಲ್ಲಿ ಬೈಬಲ್ ಅಚ್ಚು ಹಾಕಿದರೆ ಕಾಗದ ಸಾಲದು. ಚಿಕ್ಕ ಮೊಳೆ ಎರಕ ಹೊಯ್ಯಲು ಸೀಸ ಬೇಕಲ್ಲ? ಇಂಗ್ಲೆಂಡಿನಿಂದ ಬಂದ ಚೀಸ್ ಡಬ್ಬಗಳ ಸೀಸದ ಮುಚ್ಚಳ ಕರಗಿಸಿದರು. 1715ರಲ್ಲಿ ತಮಿಳು ಹೊಸ ಒಡಂಬಡಿಕೆ ಪೂರ್ತಿಯಾಗಿ ಅಚ್ಚಾಯಿತು, ಅದೇ ವರ್ಷ ಪಕ್ಕದ ಪೊರೈಯಾರಿನಲ್ಲಿ ಕಾಗದದ ಗಿರಣಿಯೂ ಶುರುವಾಯಿತು. ಶಾಲೆ ನಡೆಸಲು ಹೊರಟವರು ಕಾಗದದಿಂದ ಹಿಡಿದು ಮಸಿಯವರೆಗೆ ಎಲ್ಲಕ್ಕೂ ಕೈ ಹಾಕಬೇಕಾಯಿತು.

ಕೊಟ್ಟವರಿಗೆ ಸುದ್ದಿ ಬೇಕು. ಇಲ್ಲಿಂದ ವಿಷಯ ಸ್ವಲ್ಪ ಸೂಕ್ಷ್ಮವಾಗುತ್ತದೆ. 1710ರಿಂದ ಹಾಲೆಯಲ್ಲಿ ಫ್ರಾಂಕೆ ತರಂಗಂಬಾಡಿಯ ಪತ್ರಗಳನ್ನು ಸಂಚಿಕೆ ಸಂಚಿಕೆಯಾಗಿ ಅಚ್ಚು ಹಾಕಿಸತೊಡಗಿದ. ಯುರೋಪಿನ ಮನೆಮನೆಗಳಲ್ಲಿ ಅವನ್ನು ಓದುತ್ತಿದ್ದರು. ಇಂಗ್ಲೆಂಡಿನಲ್ಲಿ ಸುಸಾನಾ ವೆಸ್ಲಿ ಎಂಬ ತಾಯಿ ಈ ಡೇನಿಷ್ ಮಿಷನರಿಗಳ ವೃತ್ತಾಂತ ಓದಿ, ತನ್ನ ಒಂದೊಂದು ಮಗುವನ್ನೂ ವಾರದ ಒಂದೊಂದು ದಿನ ಬೇರೆಯಾಗಿ ಕೂರಿಸಿಕೊಂಡು ಪಾಠ ಹೇಳುವುದಕ್ಕೆ ನಿಶ್ಚಯಿಸಿದಳು. ಆ ಮಕ್ಕಳಲ್ಲಿ ಒಬ್ಬ ಮುಂದೆ ಮೆಥಡಿಸ್ಟ್ ಪಂಗಡ ಕಟ್ಟಿದ ಜಾನ್ ವೆಸ್ಲಿ. ಸಹಾಯ ಒಂದೇ ದಿಕ್ಕಿಗೆ ಹರಿಯಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಆದರೆ ಆ ಸುದ್ದಿಯನ್ನು ಸೋಸುವವರೂ ಇದ್ದರು. ಜೀಗೆನ್‌ಬಾಲ್ಗ್ 1713ರಲ್ಲಿ ದಕ್ಷಿಣ ಭಾರತದ ದೇವತೆಗಳ ಬಗ್ಗೆ ದೊಡ್ಡ ಪುಸ್ತಕವೊಂದನ್ನು ಬರೆದು ಕಳಿಸಿದ. ಹಿಂದೂ ಧರ್ಮವನ್ನು ಕಿತ್ತುಹಾಕಲು ಕಳಿಸಿದ್ದೇವೆ, ಅದರ ಕಥೆಯನ್ನು ಯುರೋಪಿನಲ್ಲಿ ಹರಡುವುದಕ್ಕಲ್ಲ ಎಂಬ ಧಾಟಿಯಲ್ಲಿ ಫ್ರಾಂಕೆ ಅದನ್ನು ಮೂಲೆಗೆ ಹಾಕಿದ. ಅದು ಮೊದಲು ಅಚ್ಚಾದದ್ದು 1867ರಲ್ಲಿ, ಮದ್ರಾಸಿನಲ್ಲಿ. ತಮಿಳರೇ ಮಿಷನರಿಗಳ ಪ್ರಶ್ನೆಗಳಿಗೆ ಬರೆದ ಉತ್ತರಗಳು ಮಾತ್ರ ಹೇಗೋ ಅಚ್ಚಾದವು. ಯುರೋಪಿಯನ್ನರ ಕುಡಿತ, ಮಾಂಸ, ಕೊಳಕು ನೋಡಿ ನಾವು ನಿಮ್ಮ ಧರ್ಮಕ್ಕೆ ಬರುವುದು ಹೇಗೆ ಎಂದು ಅವರು ಮುಲಾಜಿಲ್ಲದೆ ಕೇಳಿದ್ದರು. ದಾನಿಗೆ ಇಷ್ಟವಾಗುವ ಸುದ್ದಿ ಒಂದು, ಊರಿನ ನಿಜ ಇನ್ನೊಂದು. ಈ ಎಳೆದಾಟ ಅಂದಿನಿಂದಲೂ ಇದೆ.

ಜಾತಿಯ ವಿಷಯ ಇನ್ನೂ ಕಹಿ. ತರಂಗಂಬಾಡಿಯ ಚರ್ಚಿನಲ್ಲಿ ಶೂದ್ರ ಜಾತಿಗಳಿಂದ ಬಂದವರು ಒಂದು ಕಡೆ, ಪರೆಯರು ಇನ್ನೊಂದು ಕಡೆ ಕೂರುತ್ತಿದ್ದರು. 1733ರಲ್ಲಿ ಆರೋನ್ ಎಂಬ ವೆಳ್ಳಾಳನಿಗೆ ಸಭಾಪಾಲಕ ದೀಕ್ಷೆ ಸಿಕ್ಕಿತು, ಭಾರತದ ಮೊದಲ ಲೂಥರನ್ ದೇಶೀ ಸಭಾಪಾಲಕ ಅವನೇ. ಎಲ್ಲ ರೀತಿಯಲ್ಲೂ ಯೋಗ್ಯನಾಗಿದ್ದ ರಾಜನಾಯಕನ್ ಎಂಬ ಉಪದೇಶಿಗೆ ಅದು ಸಿಗಲಿಲ್ಲ. ಅವನು ಪರೆಯ, ಅವನ ಕೈಯಿಂದ ಮೇಲ್ಜಾತಿಯವರು ಪ್ರಸಾದ ತೆಗೆದುಕೊಳ್ಳುವುದಿಲ್ಲ ಎಂಬ ಅಂಜಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ತರಂಗಂಬಾಡಿಯ ಕೆಲಸ ವಹಿಸಿಕೊಂಡ ಲೈಪ್‌ಜಿಗ್ ಮಿಷನ್ ಜಾತಿಯನ್ನು ಸಾಮಾಜಿಕ ಪದ್ಧತಿ ಎಂದು ಸಹಿಸಿಕೊಂಡಿತು. ಉಳಿದ ಮಿಷನ್ನುಗಳು ಅದನ್ನು ಬೈದವು. ಬೈದದ್ದು ಸರಿಯೇ ಎಂದು ನನ್ನ ಅಭಿಪ್ರಾಯ.

ಹಾಗಂತ ಸರ್ಕಾರಿ ಶಾಲೆಗಳು ಮೇಲಾಗಿದ್ದವು ಎಂದುಕೊಳ್ಳಬೇಡಿ. 1856ರಲ್ಲಿ ನಮ್ಮ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಬಂದ ಮಹಾರ್ ಹುಡುಗನೊಬ್ಬನಿಗೆ ಬಾಗಿಲು ಮುಚ್ಚಿದರು. ಅವನನ್ನು ಸೇರಿಸಿಕೊಂಡರೆ ಉಳಿದವರು ಬಿಟ್ಟುಹೋಗುತ್ತಾರೆ ಎಂದು ಸರ್ಕಾರವೇ ಕೈಚೆಲ್ಲಿತು. ಮಿಷನ್ ಶಾಲೆಯ ಬಾಗಿಲು ತೆರೆದಿತ್ತು ಎಂಬುದಕ್ಕೆ ಬೆಲೆ ಬಂದದ್ದು ಇಂಥ ಬಾಗಿಲುಗಳು ಮುಚ್ಚಿದ್ದರಿಂದಲೇ.

ಕೊಟ್ಟವರು ಬಯಸಿದಂತೆಯೇ ಕಲಿತವರು ಆದರೇ? ಶ್ವಾರ್ಟ್ಸ್‌ನ ಆಶ್ರಯದಲ್ಲಿ ಬೆಳೆದ ಇಬ್ಬರನ್ನು ನೋಡಿ. ಒಬ್ಬ ವೇದನಾಯಗಂ ಶಾಸ್ತ್ರಿ, ತಮಿಳು ಕ್ರೈಸ್ತ ಕವಿ. ಇನ್ನೊಬ್ಬ ತಂಜಾವೂರಿನ ರಾಜಕುಮಾರ ಸರ್ಫೋಜಿ. ಶ್ವಾರ್ಟ್ಸ್ ಅವನ ಹಿತ ಕಾಯ್ದ, ಓದಿಗೆ ಏರ್ಪಾಡು ಮಾಡಿದ. 1798ರಲ್ಲಿ ಪಟ್ಟಕ್ಕೆ ಬಂದ ಸರ್ಫೋಜಿ ಕೊನೆಯವರೆಗೂ ಹಿಂದೂವಾಗಿಯೇ ಉಳಿದ. ಸರಸ್ವತಿ ಮಹಲ್ ಗ್ರಂಥಾಲಯವನ್ನು ಬೆಳೆಸಿದ, ಶಾಲೆಗಳನ್ನು ತೆರೆದ, ಅರಮನೆಯಲ್ಲಿ ಮುದ್ರಣಯಂತ್ರ ಇಟ್ಟ. ತನ್ನ ಗುರುವಿನ ನೆನಪಿಗೆ ಲಂಡನ್ನಿನ ಶಿಲ್ಪಿ ಜಾನ್ ಫ್ಲಾಕ್ಸ್‌ಮನ್‌ನಿಂದ ಅಮೃತಶಿಲೆಯ ಕೆತ್ತನೆ ಮಾಡಿಸಿದ. ಮರಣಶಯ್ಯೆಯಲ್ಲಿರುವ ಪಾದ್ರಿಯ ಕೈಯನ್ನು ರಾಜ ಹಿಡಿದುಕೊಂಡಿರುವ ಆ ಕೆತ್ತನೆ ತಂಜಾವೂರಿನ ಚರ್ಚಿನಲ್ಲಿ ಈಗಲೂ ಇದೆ. ಮತಾಂತರದ ಲೆಕ್ಕದಲ್ಲಿ ಸರ್ಫೋಜಿ ಸೊನ್ನೆ. ವಿದ್ಯೆಯ ಲೆಕ್ಕದಲ್ಲಿ ಅವನಷ್ಟು ದೊಡ್ಡ ಫಲ ಆ ಮಿಷನ್ನಿಗೆ ಇನ್ನೊಂದಿಲ್ಲ. ಶ್ವಾರ್ಟ್ಸ್‌ನ ಬೆಂಬಲದಿಂದ ತಂಜಾವೂರು, ರಾಮನಾಥಪುರ, ಶಿವಗಂಗೆಗಳಲ್ಲಿ ಎದ್ದ ಇಂಗ್ಲಿಷ್ ಶಾಲೆಗಳಿಗೂ ಇದೇ ಮಾತು. ಅಲ್ಲಿ ಕಲಿತವರಲ್ಲಿ ಬ್ರಾಹ್ಮಣ ಹುಡುಗರೇ ಹೆಚ್ಚು. ಕಂಪನಿ 1787ರಲ್ಲಿ ಒಂದೊಂದು ಶಾಲೆಗೂ ವರ್ಷಕ್ಕೆ 250 ವರಹ ಮಂಜೂರು ಮಾಡಿತು.

ಇನ್ನೊಂದು ಉದಾಹರಣೆ ಛೋಟಾನಾಗಪುರದ್ದು. ಬರ್ಲಿನ್ನಿನ ಯೊಹಾನೆಸ್ ಗಾಸ್ನರ್ ಕಳಿಸಿದ ನಾಲ್ವರು 1845ರಲ್ಲಿ ರಾಂಚಿಗೆ ಬಂದರು. ಆ ಲೂಥರನ್ ಮಿಷನ್ನಿನ ಚಾಯಿಬಾಸಾ ಶಾಲೆಯಲ್ಲಿ 1880ರ ದಶಕದ ಕೊನೆಗೆ ಒಬ್ಬ ಮುಂಡಾ ಹುಡುಗ ಓದುತ್ತಿದ್ದ. ಹೆಸರು ಬಿರ್ಸಾ. ಆದಿವಾಸಿಗಳ ಜಮೀನಿನ ಹೋರಾಟದಲ್ಲಿ ಮಿಷನರಿಗಳು ತಮ್ಮ ಜತೆ ನಿಲ್ಲಲಿಲ್ಲ ಎಂಬ ಸಿಟ್ಟು ಅಲ್ಲಿ ಹೊಗೆಯಾಡುತ್ತಿತ್ತು. ಬಿರ್ಸಾ ಶಾಲೆ ಬಿಟ್ಟ, ಚರ್ಚನ್ನೂ ಬಿಟ್ಟ. ಸಾಹೇಬರೆಲ್ಲರ ಟೋಪಿ ಒಂದೇ ಎಂಬ ಮಾತು ಅವನ ಚಳವಳಿಯ ಜತೆ ಇವತ್ತಿಗೂ ತಳಕು ಹಾಕಿಕೊಂಡಿದೆ. 1900ರಲ್ಲಿ ರಾಂಚಿಯ ಜೈಲಿನಲ್ಲಿ ಸತ್ತಾಗ ಅವನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಜರ್ಮನಿಯಲ್ಲಿ ಕಾಣಿಕೆ ಹಾಕಿದವರು ಇಂಥ ವಿದ್ಯಾರ್ಥಿಯನ್ನು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಕನ್ನಡ ನಾಡಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಪೂರ್ತಿ ಲೂಥರನ್ ಅಲ್ಲ. ಲೂಥರನ್ನರೂ ಸ್ವಿಸ್ ಸುಧಾರಿತ ಪಂಥದವರೂ ಸೇರಿ ಕಟ್ಟಿದ್ದು. ಮಂಗಳೂರು, ಧಾರವಾಡಗಳ ಅದರ ಶಾಲೆಗಳ ಕಥೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ಕಿಟೆಲ್ ಅವರನ್ನು ನಮ್ಮಲ್ಲಿಗೆ ಕಳಿಸಿ ಸಂಬಳ ಕೊಟ್ಟದ್ದೂ ಅದೇ. ಆದರೆ ಅದರ ಹಣ ಎಲ್ಲಿಂದ ಬರುತ್ತಿತ್ತು ಎಂಬುದು ಅಷ್ಟಾಗಿ ಗೊತ್ತಿಲ್ಲ. 1855ರಲ್ಲಿ ಬಾಸೆಲ್ಲಿನ ಕಾರ್ಲ್ ಸರಾಸಿನ್ ಒಂದು ಯೋಜನೆ ಹಾಕಿದ: ಪ್ರತಿ ವಿಶ್ವಾಸಿಯೂ ವಾರಕ್ಕೆ ಅರ್ಧ ಬಾಟ್ಸನ್ ಕೊಡುವುದು. ಸ್ವಿಟ್ಜರ್ಲೆಂಡಿನ ಪುಡಿಗಾಸು ಅದು, ಬಡವರ ಕೈಗೂ ಎಟುಕುವಂಥದ್ದು. ಆ ಕಾಸು ಕೂಡಿ ಕೂಡಿ ಮಿಷನ್ನಿನ ದೊಡ್ಡ ಆಧಾರವಾಯಿತು. ಇತ್ತ ಮಂಗಳೂರಿನಲ್ಲಿ 1844ರಲ್ಲಿ ಮಿಷನ್ ಶಾಲೆಯ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಸಾರಸ್ವತ ಸಮಾಜ ಅಲ್ಲೋಲಕಲ್ಲೋಲವಾಯಿತು. ಬಾಸೆಲ್ಲಿನ ಭಕ್ತರಿಗೆ ಹಬ್ಬದ ಸುದ್ದಿ, ಮಂಗಳೂರಿನ ಮನೆಗಳಿಗೆ ಸೂತಕ. ಎರಡೂ ಕಡೆಯವರ ಭಾವನೆ ನಿಜವೇ ಆಗಿತ್ತು.

ಕೌಂಡಿನ್ಯ ಹದಿಹರೆಯ ದಾಟುತ್ತಿದ್ದವನು, ಯೋಚಿಸಿ ತೀರ್ಮಾನಿಸಿದ ಎನ್ನಬಹುದು. ಬೋರ್ಡಿಂಗಿನ ಏಳು ವರ್ಷದ ಅನಾಥ ಮಗುವಿನ ವಿಷಯ ಹಾಗಲ್ಲ. ಹೊಟ್ಟೆಗೆ ಹಾಕುವ ಕೈಯೇ ದೇವರನ್ನೂ ತೋರಿಸಿದರೆ ಮಗು ಬೇಡ ಎನ್ನುವುದು ಹೇಗೆ? ಮಿಷನ್ ಶಾಲೆಗಳ ಮೇಲಿನ ಆಕ್ಷೇಪಗಳಲ್ಲಿ ನನಗೆ ತೂಕದ್ದು ಎನಿಸುವುದು ಇದೊಂದೇ. ಇದನ್ನು ಮಠದ ಹಾಸ್ಟೆಲಿಗೂ ಮದರಸಾಕ್ಕೂ ಕೇಳಬಹುದು, ಕೇಳಬೇಕು. ನಮ್ಮ ಸಂವಿಧಾನ ಇದಕ್ಕೆ ಹದವಾದ ಉತ್ತರವನ್ನೇ ಕೊಟ್ಟಿದೆ. 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ತೆರೆದು ನಡೆಸುವ ಹಕ್ಕು ಕೊಡುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಮಗುವನ್ನು ಧಾರ್ಮಿಕ ಪಾಠಕ್ಕೋ ಪ್ರಾರ್ಥನೆಗೋ ಕೂರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ 28ನೆಯ ವಿಧಿ. ಮೊದಲನೆಯದನ್ನು ಆಡಳಿತ ಮಂಡಳಿಗಳು ಚೆನ್ನಾಗಿ ಬಲ್ಲವು. ಎರಡನೆಯದು ಎಷ್ಟು ಪೋಷಕರಿಗೆ ಗೊತ್ತು?

ಈಗ ಹಣ ಬರುವ ದಾರಿಯೂ ಬದಲಾಗಿದೆ. 1959ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ ಪ್ರಾಟೆಸ್ಟೆಂಟ್ ಭಕ್ತರು ಕಟ್ಟಿದ ಕಿಂಡರ್‌ನೋಟ್‌ಹಿಲ್ಫೆ ಎಂಬ ಸಂಸ್ಥೆ ಕೆಲಸ ಆರಂಭಿಸಿದ್ದು ಭಾರತದ ಮಕ್ಕಳಿಂದಲೇ. ಒಬ್ಬ ದಾನಿಗೆ ಒಂದು ಮಗು, ತಿಂಗಳಿಗಿಷ್ಟು ಹಣ. ಇಂಥ ಪದ್ಧತಿಯಲ್ಲಿ ದಾನಿಯ ಕೈಗೆ ಮಗುವಿನ ಫೋಟೊ, ವರ್ಷಕ್ಕೊಂದು ಕಾಗದ ಸಿಗುತ್ತದೆ. ಕೊಡುವವನಿಗೆ ಅದು ಹಿತವೇ. ಆದರೆ ಒಂದೇ ಹಾಸ್ಟೆಲಿನಲ್ಲಿ ಜರ್ಮನಿಯಿಂದ ಕಾಗದ ಬಂದ ಮಗು ಮತ್ತು ಬಾರದ ಮಗು ಪಕ್ಕಪಕ್ಕ ಮಲಗಬೇಕು. ಮಗು ಯಾರಿಗೋ ಕೃತಜ್ಞತೆ ಬರೆಯಬೇಕು, ಅದೂ ಹೇಳಿಕೊಟ್ಟಂತೆ. ಇದರ ಕೊರತೆ ಕಂಡ ಆ ಸಂಸ್ಥೆಯೇ ಮುಂದೆ ತಾಯಂದಿರ ಸ್ವಸಹಾಯ ಗುಂಪುಗಳ ಕಡೆಗೂ ಹೊರಳಿತು. ಇತ್ತ ನಮ್ಮ ಸರ್ಕಾರ ವಿದೇಶಿ ದೇಣಿಗೆ ಕಾಯ್ದೆಯನ್ನು 2020ರಲ್ಲಿ ಬಿಗಿ ಮಾಡಿತು. ವಿದೇಶದ ಹಣವೆಲ್ಲ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು, ಆಡಳಿತದ ಖರ್ಚು ಶೇ. 20 ಮೀರಬಾರದು, ಒಂದು ಸಂಸ್ಥೆ ಇನ್ನೊಂದಕ್ಕೆ ಹಂಚುವಂತಿಲ್ಲ. ದೊಡ್ಡ ಸಂಸ್ಥೆಗಳು ಇದಕ್ಕೆ ಹೊಂದಿಕೊಳ್ಳಬಲ್ಲವು. ದೊಡ್ಡವರ ಮೂಲಕ ಹಣ ಪಡೆಯುತ್ತಿದ್ದ ಹಳ್ಳಿಯ ಸಣ್ಣ ಬೋರ್ಡಿಂಗುಗಳಿಗೆ ಆ ದಾರಿ ಮುಚ್ಚಿತು. ಲೆಕ್ಕ ಕೇಳುವುದು ಸರಿ. ಹಂಚುವುದನ್ನೇ ನಿಲ್ಲಿಸಿದ್ದು ಸರಿ ಎನ್ನಲಾರೆ.

ಅಮೆರಿಕದಲ್ಲೋ ದುಬೈನಲ್ಲೋ ಇದ್ದು ಊರಿನ ಶಾಲೆಗೆ, ಮಠದ ಹಾಸ್ಟೆಲಿಗೆ, ಯಾವುದೋ ಟ್ರಸ್ಟಿನ ಮಕ್ಕಳಿಗೆ ಹಣ ಕಳಿಸುವ ಕನ್ನಡಿಗರು ಈಗ ಬೇಕಾದಷ್ಟಿದ್ದಾರೆ. ಹಾಲೆಯ, ಬಾಸೆಲ್ಲಿನ ಭಕ್ತರು ಕೂತಿದ್ದ ಜಾಗದಲ್ಲಿ ಇಂದು ನೀವು ಕೂತಿದ್ದೀರಿ. ಮಗುವಿನ ಫೋಟೊ ಕೇಳಬೇಡಿ, ಥ್ಯಾಂಕ್ಸ್ ಹೇಳುವ ವಿಡಿಯೊ ಅಂತೂ ಬೇಡವೇ ಬೇಡ. ಮೇಷ್ಟ್ರಿಗೆ ತಿಂಗಳು ತಿಂಗಳು ಸಂಬಳ ಆಗುತ್ತಿದೆಯೇ, ಹುಡುಗಿಯರು ಹತ್ತನೇ ತರಗತಿ ದಾಟುತ್ತಿದ್ದಾರೆಯೇ, ಊಟದ ಪಂಕ್ತಿಯಲ್ಲಿ ಜಾತಿ ಇದೆಯೇ, ಪ್ರಾರ್ಥನೆಗೆ ಬರುವುದಿಲ್ಲ ಎಂದ ಮಗುವಿಗೂ ಅದೇ ಊಟ ಸಿಗುತ್ತದೆಯೇ ಎಂದು ಬರೆದು ಕೇಳಿ. ನೆಟ್ಟಗೆ ಉತ್ತರ ಬಾರದಿದ್ದರೆ ಹಣ ಕಳಿಸಬೇಡಿ.